ಹದಿನಾಲ್ಕನೇ ಹಾಸಿಗೆ

ಚಿತ್ರದುರ್ಗ
2 ಏಪ್ರಿಲ್ 2025

ಪ್ರೀತಿಯ ಮಮತಾ,

ಈ ಕಟ್ಟಿನಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಇದೆ, ಸ್ಟಾಂಪು ಅಂಟಿಸಿದ ಆರು ಖಾಲಿ ಕವರುಗಳಿವೆ. ನಮ್ಮ ಆನರ್ಸ್ ಬ್ಯಾಚಿನ ಹನ್ನೆರಡು ಮಂದಿಗೂ ಬೇಸಿಗೆ ರಜೆಗೆ ಇದೇ ಕೆಲಸ. ಹದಿನೈದು ದಿನಕ್ಕೊಮ್ಮೆ, ಓದಿದಷ್ಟರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕು. ಅದರ ಜೊತೆ ನನಗೊಂದು ಕನ್ನಡ ಪತ್ರ. ಪತ್ರವನ್ನೂ ಇಂಗ್ಲಿಷಿನಲ್ಲೇ ಬರೆಯಿರಿ ಎಂದರೆ ನೀವೆಲ್ಲ ‘ಐ ಆಮ್ ಫೈನ್’ ಎಂದು ಬರೆದು ಕೈ ತೊಳೆದುಕೊಳ್ಳುತ್ತೀರಿ.

ಪೆನ್ನಿನಲ್ಲಿ ಬರೆದು ಅಂಚೆಗೆ ಹಾಕಬೇಕು. ಕೇಳಿದರೆ ಅರ್ಧ ನಿಮಿಷದಲ್ಲಿ ಫೋನೇ ಪ್ರಬಂಧ ಬರೆದುಕೊಡುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಕಳೆದ ವರ್ಷ ಹಾಗೆ ಬಂದ ನಾಲ್ಕು ಪ್ರಬಂಧಗಳನ್ನು ನಾನು ಹೊಗಳಿ ಕಾಲೇಜಿನ ಸಂಚಿಕೆಗೆ ಕೊಟ್ಟಿದ್ದೆ. ನಿಜ ತಿಳಿದಾಗ ಪ್ರಿನ್ಸಿಪಾಲರ ಮುಂದೆ ತಲೆ ತಗ್ಗಿಸಿ ನಿಂತದ್ದು ನಾನು, ಆ ಮಕ್ಕಳಲ್ಲ.

ಇನ್ನೊಂದು ಮಾತು. ಮನೆಯ ತಾಪತ್ರಯ ಹೇಳಿಕೊಂಡು ಕೆಲಸ ತಪ್ಪಿಸುವವರು ಈ ಬ್ಯಾಚಿಗೆ ಬೇಡ. ಮದುವೆ, ಹಬ್ಬ, ಜ್ವರ ಎಲ್ಲರ ಮನೆಯಲ್ಲೂ ಇರುತ್ತವೆ. ಕೆಲಸ ಮುಗಿಸಿದವರಿಗೆ ಮಾತ್ರ ಜೂನ್‌ನಲ್ಲಿ ಬ್ಯಾಚಿನ ಸೀಟು, ಹಾಸ್ಟೆಲಿನ ಸೀಟೂ ಅದಕ್ಕೇ ಸೇರಿದ್ದು.

ಇದನ್ನು ಎಲ್ಲರಿಗೂ ಬರೆದಿದ್ದೇನೆ. ನಿನಗೆ ಮಾತ್ರ ಬರೆಯುತ್ತಿರುವುದು ಇಷ್ಟು: ನಿನ್ನ ಮೇಲೆ ನನಗೆ ಆಸೆ ಜಾಸ್ತಿ.

ನಿನ್ನ ಮೇಡಂ,
ಸ್ವಾತಿ ಬಿ.ಎಂ.


ಮಾರಿಕಣಿವೆ
12 ಏಪ್ರಿಲ್ 2025

ಸ್ವಾತಿ ಮೇಡಂ ಅವರಿಗೆ ಮಮತಾ ಮಾಡುವ ನಮಸ್ಕಾರಗಳು.

ಪುಸ್ತಕ ಸಿಕ್ಕಿತು. ನಾವು ಮೂವರೂ ಚೆನ್ನಾಗಿದ್ದೇವೆ. ಅಪ್ಪ ನಾಲೆಯ ತೂಬಿನ ಕೆಲಸಕ್ಕೆ ಹೋಗುತ್ತಾನೆ. ಅವ್ವ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗಿ ಬಿಸಿಲೇರಿದ ಮೇಲೆ ಬರುತ್ತಾಳೆ. ನಮ್ಮಲ್ಲಿ ಒಂದು ಕರಿ ಟಗರಿದೆ. ಮೊನ್ನೆ ಅದು ಡ್ಯಾಂ ನೋಡಲು ಬಂದವರ ಬ್ಯಾಗಿಗೆ ಬಾಯಿ ಹಾಕಿ ಚಪಾತಿ ಕಿತ್ತುಕೊಂಡು ಓಡಿತು. ಅವ್ವ ಕೋಲು ಹಿಡಿದು ಅರ್ಧ ಮೈಲಿ ಓಡಿಸಿಕೊಂಡು ಹೋದಳು. ಇದನ್ನು ನಿಮಗೆ ಬರೆಯಲೇಬೇಕು ಎಂದು ಅವಳೇ ಹೇಳಿದಳು.

ಕಾದಂಬರಿ ಐವತ್ತು ಪುಟ ಆಯಿತು. ಕಷ್ಟ ಮೇಡಂ. ಒಂದು ಪುಟಕ್ಕೆ ಇಪ್ಪತ್ತು ಸಲ ಡಿಕ್ಷನರಿ ತೆಗೆಯುತ್ತೇನೆ. ಓದಿದ್ದನ್ನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತೇನೆ. ದ್ವೀಪದಲ್ಲಿ ದೀಪ ಹಚ್ಚುವ ಅಪ್ಪ, ಹೋಗಿ ಬರುವ ಹಡಗುಗಳ ಹೆಸರು ಬರೆದಿಡುವ ಮಗಳು ಎಂದು ಶುರು ಮಾಡಿದ ತಕ್ಷಣ ಅವ್ವ ಕೇಳಿದಳು.

“ಆ ಹುಡ್ಗಿ ಅವ್ವ ಎಲ್ಲಿ?”

“ಎರಡನೇ ಪುಟದಾಗೇ ಸತ್ತೋದ್ಲು ಕಣವ್ವ.”

“ಎಷ್ಟು ಗೆರೆ ಬರ್ದಾರೆ ಅದ್ರ ಬಗ್ಗೆ?”

“ಒಂದು.”

“ಬರಿಯೋರಿಗೆ ಅವ್ವಂದಿರನ್ನ ಸಾಯ್ಸೋದು ಭಾಳ ಸುಲಭ ಬಿಡು” ಅಂದಳು.

ನೀವಾದರೆ ಏನು ಹೇಳುತ್ತಿದ್ದಿರಿ?

ನಿಮ್ಮ ವಿದ್ಯಾರ್ಥಿನಿ,
ಮಮತಾ ಜಿ.


ಚಿತ್ರದುರ್ಗ
19 ಏಪ್ರಿಲ್ 2025

ಪ್ರೀತಿಯ ಮಮತಾ,

ಹನ್ನೆರಡು ಪತ್ರಗಳಲ್ಲಿ ನಿನ್ನದನ್ನು ಎರಡು ಸಲ ಓದಿದೆ. ಕರಿ ಟಗರಿನ ಕಥೆಗೆ ಒಬ್ಬಳೇ ಕೂತು ನಕ್ಕೆ. ನಿಮ್ಮ ಅವ್ವ ಕೇಳಿದ ಪ್ರಶ್ನೆಯನ್ನು ಎಂ.ಎ. ಓದಿದ ಯಾರೂ ನನ್ನನ್ನು ಕೇಳಿಲ್ಲ. ಆ ಕಾದಂಬರಿ ಇಡೀ ನಿಂತಿರುವುದು ಆ ಒಂದು ಗೆರೆಯ ಮೇಲೆ ಎಂದು ಅವರಿಗೆ ಹೇಳು. ಮಗಳು ಹಡಗುಗಳ ಹೆಸರು ಬರೆದಿಡುವುದು ಯಾಕೆ ಎಂದು ಅವರನ್ನೇ ಕೇಳಿ, ಉತ್ತರ ಬರೆದು ಕಳಿಸು.

ಇಂಗ್ಲಿಷ್ ಪುಟದಲ್ಲಿ ಹದಿನೇಳು ತಪ್ಪುಗಳಿವೆ. ಹೆದರಬೇಡ. ಉದ್ದ ವಾಕ್ಯ ಕಟ್ಟಲು ಹೋಗಿ ಎಡವುತ್ತಿದ್ದೀಯ. ಚಿಕ್ಕ ವಾಕ್ಯ ಬರೆ. ಖಚಿತವಾಗಿ ಗೊತ್ತಿರುವ ಪದ ಮಾತ್ರ ಬಳಸು. ಕಣ್ಣಿಗೆ ಕಂಡದ್ದನ್ನು ಬರೆ, ಅನಿಸಿದ್ದನ್ನು ಓದುವವರಿಗೆ ಬಿಡು. ಆಗ ತಪ್ಪುಗಳು ತಾವಾಗಿ ಉದುರುತ್ತವೆ.

ಸ್ವಾತಿ


ಮಾರಿಕಣಿವೆ
29 ಏಪ್ರಿಲ್ 2025

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಎಂ.ಎ. ಮಾತು ಬಂದಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹಡಗಿನ ಹೆಸರಿನ ಬಗ್ಗೆ ಕೇಳಿದ್ದಕ್ಕೆ, “ಹೋಗೋರ ಹೆಸ್ರು ಬರ್ಕಂಡ್ರೆ ವಾಪಸ್ ಬಂದಾಗ ಗುರ್ತು ಸಿಗ್ತದಲ್ಲ, ಅದುಕ್ಕೆ” ಅಂದಳು.

ಈಗ ಕೇಳುವವರು ಜಾಸ್ತಿಯಾಗಿದ್ದಾರೆ. ಪಕ್ಕದಲ್ಲೇ ಓಬಕ್ಕ ಅಂತ ಒಬ್ಬರಿದ್ದಾರೆ, ಹೊಳಲ್ಕೆರೆ ಕಡೆಯವರು. ಅವರು ಮತ್ತು ಇನ್ನು ಮೂವರು ಹೆಂಗಸರು ಮಧ್ಯಾಹ್ನ ನಾನು ಪುಸ್ತಕ ತೆಗೆದರೆ ಈ ಕಡೆ ತಿರುಗುತ್ತಾರೆ. ಫ್ಯಾನು ಕಟಕಟ ಅನ್ನುವುದರಿಂದ ಗಟ್ಟಿಯಾಗಿ ಹೇಳಬೇಕು. ಸಮುದ್ರದ ವರ್ಣನೆ ಬಂದಾಗ ಅವ್ವ ಕೇಳಿದಳು, “ಅಷ್ಟೊಂದು ನೀರಿಟ್ಕಂಡು ಒಂದು ಗುಟುಕೂ ಕುಡಿಯಂಗಿಲ್ವಾ?” ಉಪ್ಪು ನೀರು ಕಣವ್ವ, ಕುಡಿಯಂಗಿಲ್ಲ ಅಂದೆ.

ಕರಿ ಟಗರು ಚೆನ್ನಾಗಿದೆ.

ಇನ್ನು ನಲವತ್ತು ಪುಟ ಉಳಿದಿದೆ. ಆದರೆ ಅವ್ವ ಬೇಗ ಬೇಗ ಹೇಳು ಅನ್ನುತ್ತಿದ್ದಾಳೆ. ಕೊನೆ ಏನಾಗುತ್ತದೆ ಎಂದು ಮೊದಲೇ ತಿಳಿಯಬೇಕಂತೆ. ನಾನು ಮೊದಲೇ ಹೇಳಿದರೆ ತಪ್ಪಾ ಮೇಡಂ?

ಮಮತಾ


ಚಿತ್ರದುರ್ಗ
5 ಮೇ 2025

ಪ್ರೀತಿಯ ಮಮತಾ,

ಕೊನೆಯನ್ನು ಮೊದಲೇ ಹೇಳಬೇಡ. ಕಾಯಲಿ. ಕಾಯುವುದರಲ್ಲೇ ಓದಿನ ಸುಖ ಇರುವುದು ಎಂದು ಅವರಿಗೆ ನನ್ನ ಹೆಸರಿನಲ್ಲಿ ಹೇಳು.

ಜಗಲಿಯ ಮೇಲೆ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ನೀನು ಕಥೆ ಹೇಳುವ ಚಿತ್ರ ನನ್ನ ಕಣ್ಣ ಮುಂದೆಯೇ ಇದೆ. ಈ ಸಲ ಪುಟದಲ್ಲಿ ಒಂಬತ್ತೇ ತಪ್ಪು.

ಇನ್ನು ರಜೆಯ ದೊಡ್ಡ ಕೆಲಸ. ‘ನನಗೆ ಹತ್ತಿರದಿಂದ ಗೊತ್ತಿರುವ ಒಬ್ಬರ ಒಂದು ದಿನ.’ ಇಂಗ್ಲಿಷಿನಲ್ಲಿ ನಾಲ್ಕು ಪುಟ. ಮೇ 22ರೊಳಗೆ ಅಂಚೆಗೆ ಬೀಳಬೇಕು. ನೀನು ಯಾರ ಬಗ್ಗೆ ಬರೆಯುತ್ತೀಯ ಎಂದು ನಾನು ಊಹಿಸಬಲ್ಲೆ.

ದುರ್ಗಕ್ಕೆ ಬಂದರೆ ನಮ್ಮ ಮನೆಗೆ ಬಾ, ಅವ್ವನನ್ನೂ ಕರೆದುಕೊಂಡು. ಜಿಲ್ಲಾ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲೇ ಇದ್ದೇವೆ. ಬೆಳಿಗ್ಗೆ ಆ ಕಾಂಪೌಂಡಿನೊಳಗಿಂದಲೇ ನನ್ನ ವಾಕಿಂಗ್.

ಸ್ವಾತಿ


ಮಾರಿಕಣಿವೆ
20 ಮೇ 2025

ಮೇಡಂ ಅವರಿಗೆ ನಮಸ್ಕಾರ.

ನಾಲ್ಕು ಪುಟ ಬರೆದಿದ್ದೇನೆ. ನೀವು ಹೇಳಿದಂತೆ ಚಿಕ್ಕ ವಾಕ್ಯ, ಗೊತ್ತಿರುವ ಪದ. ಅನಿಸಿದ್ದನ್ನು ಬರೆದಿಲ್ಲ.

ಈ ಸಲ ಪತ್ರದಲ್ಲಿ ಬರೆಯಲು ಏನೂ ಇಲ್ಲ. ಕಾದಂಬರಿ ಕೊನೆಯವರೆಗೆ ಓದಲಾಗಲಿಲ್ಲ. ಹದಿನೆಂಟು ಪುಟ ಉಳಿಯಿತು. ಕ್ಷಮಿಸಿ.

ಮಮತಾ


ಚಿತ್ರದುರ್ಗ
27 ಮೇ 2025

ಮಮತಾ,

ನಿನ್ನ ಪ್ರಬಂಧವನ್ನು ಮೂರು ಸಲ ಓದಿದೆ. ಮೊದಲ ಸಲ ಕಣ್ಣು ಒದ್ದೆಯಾಯಿತು, ಮುಚ್ಚಿಡುವುದಿಲ್ಲ. ಎರಡನೇ ಸಲ ಅನುಮಾನ ಬಂತು. ಮೂರನೇ ಸಲ ಕೆಂಪು ಪೆನ್ನು ಹಿಡಿದೆ.

ಏಪ್ರಿಲ್‌ನಲ್ಲಿ ಒಂದು ಪುಟಕ್ಕೆ ಹದಿನೇಳು ತಪ್ಪು ಮಾಡಿದ ಹುಡುಗಿ ಮೇ ತಿಂಗಳಲ್ಲಿ ನಾಲ್ಕು ಪುಟಕ್ಕೆ ಎರಡೇ ತಪ್ಪು ಮಾಡುತ್ತಾಳೆ. ಹದಿನಾಲ್ಕನೇ ಹಾಸಿಗೆಯಲ್ಲಿ ಕಿಡ್ನಿ ಕೆಟ್ಟು ಮಲಗಿರುವ ಹೆಂಗಸು. ಅಳೆದು ಕೊಡುವ ನೀರು. ತುಟಿಗೆ ಒದ್ದೆ ಬಟ್ಟೆ. ಬಾಚಿ ಹೆಣೆದ ಜಡೆ. ‘ನಿಮ್ಮಪ್ಪ ಬಂದರೆ ಮೊದಲು ಊಟ ಮಾಡಿಸು, ಆಮೇಲೆ ಹೇಳು’ ಎಂದು ಮಗಳಿಗೆ ಹೇಳಿ ಕಣ್ಣು ಮುಚ್ಚುವುದು. ಸಾಯುವ ಯಾರಾದರೂ ಹೀಗೆ ಮಾತಾಡುತ್ತಾರಾ? ಅದರ ಕೆಳಗೆ ದಪ್ಪ ಗೆರೆ ಎಳೆದು ‘ಕೃತಕ’ ಎಂದು ಬರೆದಿದ್ದೇನೆ. ಅಷ್ಟಾದ ಮೇಲೆ ಕಟ್ಟಕಡೆಯ ಸಾಲಿನಲ್ಲಿ ಮಾತ್ರ ‘ಆಕೆ ನನ್ನ ತಾಯಿ’. ದುಃಖದ ಪ್ರಬಂಧ ಬೇಕು ಎಂದು ಕೇಳಿದರೆ ಫೋನು ಕೊಡುವುದು ಇದನ್ನೇ.

ಮನಸ್ಸು ತಡೆಯದೆ ನಿನ್ನ ಹಳೆಯ ಕವರುಗಳನ್ನು ತೆಗೆದು ನೋಡಿದೆ. ‘ಮಾರಿಕಣಿವೆ’ ಎಂದು ಬರೆದ ಮೊದಲ ಎರಡು ಪತ್ರಗಳ ಮೇಲೂ ಚಿತ್ರದುರ್ಗದ ಅಂಚೆ ಮುದ್ರೆ. ನಿನ್ನ ಸಹಪಾಠಿ ಕಾವ್ಯಾ ಮೇ ಮೊದಲ ವಾರ ಆಸ್ಪತ್ರೆ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ನಿನ್ನನ್ನು ನೋಡಿದಳಂತೆ. ಕೂಗಿದರೂ ತಿರುಗದೆ ಹೋದೆಯಂತೆ. ಆ ರಸ್ತೆಯಲ್ಲಿ ಎರಡು ಟ್ಯೂಷನ್ ಸೆಂಟರ್‌ಗಳಿವೆ. ಅಲ್ಲಿ ಏನು ಬರೆದುಕೊಡುತ್ತಾರೆಂದು ನನಗೆ ಗೊತ್ತಿದೆ.

ನಕಲು ಮಾಡಿದ್ದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಕುರಿಯ ಹಿಂದೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ತಾಯಿಯನ್ನು ಅಂಕಕ್ಕಾಗಿ ಕಾಗದದ ಮೇಲೆ ಸಾಯಿಸಲು ನಿನಗೆ ಮನಸ್ಸು ಹೇಗೆ ಬಂತು? ಬರೆಯುವವರಿಗೆ ಅದು ಸುಲಭ ಎಂದು ಅವರೇ ಹೇಳಿದ್ದರಲ್ಲ.

ಉತ್ತರ ಬರೆ.

ಸ್ವಾತಿ ಬಿ.ಎಂ.


ಮಾರಿಕಣಿವೆ
2 ಜೂನ್ 2025

ಮೇಡಂ ಅವರಿಗೆ,

ನೀವು ಬರೆದದ್ದು ಸರಿ. ಅದು ನಾನು ಬರೆದದ್ದಲ್ಲ. ಬ್ಯಾಚಿನಿಂದ ನನ್ನ ಹೆಸರು ತೆಗೆಯಿರಿ.

ಕಾದಂಬರಿಯನ್ನು ಇದರ ಜೊತೆ ಕಳಿಸಿದ್ದೇನೆ. ಉಳಿದ ಮೂರು ಕವರುಗಳೂ ಅದರೊಳಗಿವೆ.

ಮಮತಾ ಜಿ.


ಚಿತ್ರದುರ್ಗ
6 ಜೂನ್ 2025

ಮಮತಾ,

ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಳ್ಳುವುದು ಎಲ್ಲರಿಂದಲೂ ಆಗುವುದಿಲ್ಲ. ಅದಕ್ಕಾಗಿ ನಿನ್ನ ಮೇಲಿನ ಗೌರವ ಪೂರ್ತಿ ಹೋಗಿಲ್ಲ. ನಿಯಮದಂತೆ ಬ್ಯಾಚಿನಿಂದ ಹೆಸರು ತೆಗೆದಿದ್ದೇನೆ. ಹಾಸ್ಟೆಲ್ ವಿಷಯವನ್ನು ಆಫೀಸಿನವರು ನೋಡಿಕೊಳ್ಳುತ್ತಾರೆ. ತರಗತಿಗಳು ಶುರುವಾಗಿವೆ. ಸಾಮಾನ್ಯ ವಿಭಾಗಕ್ಕೆ ಬಂದು ಸೇರಿಕೊ.

ಸ್ವಾತಿ ಬಿ.ಎಂ.


ಚಿತ್ರದುರ್ಗ
16 ಜೂನ್ 2025

ಶ್ರೀಮತಿ ಜುಂಜಮ್ಮನವರಿಗೆ ನಮಸ್ಕಾರಗಳು.

ನಾನು ಮಮತಾಳ ಇಂಗ್ಲಿಷ್ ಉಪನ್ಯಾಸಕಿ. ನಾವು ಭೇಟಿಯಾಗಿಲ್ಲ, ಆದರೆ ಮಗಳ ಪತ್ರಗಳಿಂದ ನಿಮ್ಮನ್ನು ಚೆನ್ನಾಗಿ ಬಲ್ಲೆ. ಅವಳು ಎರಡು ವಾರದಿಂದ ಕಾಲೇಜಿಗೆ ಬಂದಿಲ್ಲ. ದಾಖಲೆಯಲ್ಲಿರುವ ನಿಮ್ಮ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್ ಬರುತ್ತಿದೆ. ರಜೆಯಲ್ಲಿ ಅವಳಿಂದ ಒಂದು ಸಣ್ಣ ತಪ್ಪಾಯಿತು, ನಾನು ಗದರಿದೆ. ಅದಕ್ಕೆ ಓದು ಬಿಡುವುದು ಬೇಡ. ನಿಮ್ಮ ಮಾತನ್ನು ಅವಳು ಕೇಳುತ್ತಾಳೆ. ದಯವಿಟ್ಟು ಬುದ್ಧಿ ಹೇಳಿ ಕಳಿಸಿಕೊಡಿ.

ನಿಮ್ಮ ಕರಿ ಟಗರನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ.

ಸ್ವಾತಿ ಬಿ.ಎಂ.


ಮಾರಿಕಣಿವೆ
21 ಜೂನ್ 2025

ಮೇಡಮ್ಮಾರಿಗೆ ಗೋವಿಂದಯ್ಯ ಮಾಡುವ ನಮಸ್ಕಾರ.

ನಾನು ಮಮತಾಳ ಅಪ್ಪ. ಏಳನೇ ಕ್ಲಾಸು ಓದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕಳ್ರಿ. ಜುಂಜಮ್ಮನ ಹೆಸರಿಗೆ ಬಂದ ಕಾಗದಾನ ಪೋಸ್ಟಿನವರು ನನ್ನ ಕೈಗೆ ಕೊಟ್ರು. ಅವಳು ಹೋಗಿ ಮೂವತ್ತೆಂಟು ದಿನ ಆತು. ಮೇ ಹದಿನಾಲ್ಕಕ್ಕೆ, ದುರ್ಗದ ದೊಡ್ಡಾಸ್ಪತ್ರೇಲಿ, ಸಾಯಂಕಾಲ ನಾಕು ಗಂಟೆಗೆ. ನೀವು ಫೋನ್ ಮಾಡಿದ ನಂಬರು ಅವಳದೇ.

ಯುಗಾದಿ ಮುಗಿದ ಮಾರನೇ ದಿನ ಸೇರಿಸಿದ್ದು. ಎರಡೂ ಕಿಡ್ನಿ ಹೋಗಿದ್ವು. ಮಮತಾ ಒಂದೂವರೆ ತಿಂಗಳು ಅಲ್ಲೇ ಇದ್ಲು, ಅವರವ್ವನ ಮಂಚದ ಕೆಳಗೆ ಮಲಗೋಳು. ನಾನು ತೂಬಿನ ಕೆಲಸ ಬಿಡಂಗಿಲ್ಲ, ವಾರಕ್ಕೆ ಎರಡು ದಿನ ಹೋಗ್ತಿದ್ದೆ. ನಿಮ್ಮ ಪುಸ್ತಕ ಬಂದಾಗ ನಾನೇ ತಗಂಡು ಹೋಗಿ ಕೊಟ್ಟೆ. ನಿಮ್ಮ ಕಾಗದ ಬಂದ್ರೆ ಜುಂಜಮ್ಮ, ಮೊದ್ಲು ಅದನ್ನ ಓದ್ಸು, ಆಮೇಲೆ ಸೂಜಿ ಹಾಕಲಿ ಅನ್ನೋಳು. ಇದನ್ನ ನಿಮಗೆ ಹೇಳಬೇಕು ಅಂತ ಭಾಳ ದಿನದಿಂದ ಇತ್ತು. ನಿಮ್ಮಿಂದ ಅವಳ ಕೊನೇ ದಿನಗಳು ಹಗುರಾದ್ವು.

ಮಗಳು ಯಾಕೆ ಕಾಲೇಜಿಗೆ ಹೋಗಲ್ಲ ಅಂದ್ರೆ ಬಾಯಿ ಬಿಡಲ್ಲ. ನೀವು ಬರೆದಿರೋ ತಪ್ಪು ಏನು ಅಂತ ನಂಗೆ ಗೊತ್ತಿಲ್ಲ. ನಾವಿಬ್ಬರೂ ಈಗ ಮಾತು ಕಮ್ಮಿ. ತಾಯಿಯಂಥೋರು ಅಂತ ನಿಮ್ಮ ಹತ್ರ ಹೇಳ್ತೀನಿ. ಅವತ್ತು ನಾಲೆಗೆ ನೀರು ಬಿಟ್ಟಿದ್ರು, ನಾನಿಲ್ಲೇ ಇದ್ದೆ. ಬಾ ಅಪ್ಪ ಅಂತ ಫೋನ್ ಮಾಡಿದ್ಲು. ಆರು ಗಂಟೆಗೆ ಬಸ್ಸಿಳಿದು ಹೋದ್ರೆ ಗೇಟಲ್ಲೇ ನಿಂತಿದ್ಲು. ಬಾ, ಮೊದ್ಲು ಉಣ್ಣು ಅಂತ ಎದುರಿನ ಹೋಟ್ಲಿಗೆ ಕರ್ಕಂಡು ಹೋದ್ಲು. ಅವ್ವ ಹೆಂಗವ್ಳೆ ಅಂದ್ರೆ ಮಲಗ್ಯಾಳೆ ಅಂದ್ಲು. ನಾನು ಎರಡು ಮುದ್ದೆ ಉಂಡೆ. ಕೈ ತೊಳೆದ ಮೇಲೆ ಹೇಳಿದ್ಲು.

ಹೆಂಡ್ತಿ ಹೆಣ ಒಳಗಿಟ್ಟು ನಾನು ಹೊರಗೆ ಕೂತು ಉಂಡೆ ಮೇಡಮ್ಮಾರೆ. ನಾನು ಹೆತ್ತ ಮಗಳು ಹಂಗ್ಯಾಕೆ ಮಾಡಿದ್ಲು ಅಂತ ತಿಳೀದು. ಆ ಮುದ್ದೆ ಇನ್ನೂ ಗಂಟ್ಲಾಗೇ ಐತೆ.

ಅವಳಿಗೆ ನೀವು ಹೇಳಿದ್ರೆ ಕೇಳ್ತಾಳೆ. ಕಾಲೇಜಿಗೆ ಬಾ ಅಂತ ಒಂದು ಮಾತು ಬರೀರಿ.

ಗೋವಿಂದಯ್ಯ, ನೀರಗಂಟಿ


ಚಿತ್ರದುರ್ಗ
24 ಜೂನ್ 2025

ಮಮತಾ,

ನಿನ್ನೆ ನಿಮ್ಮ ತಂದೆಯ ಪತ್ರ ಬಂತು. ನಿನಗೆ ಏನೆಂದು ಬರೆಯಲಿ?

ಬೀರುವಿನಿಂದ ನಿನ್ನ ನಾಲ್ಕು ಪುಟ ತೆಗೆದು ಮತ್ತೆ ಓದಿದೆ. ಈಗ ಅದರಲ್ಲಿ ಒಂದು ಸುಳ್ಳು ಪದವೂ ಕಾಣಲಿಲ್ಲ. ಚಿಕ್ಕ ವಾಕ್ಯ ಬರೆ, ಅನಿಸಿದ್ದನ್ನು ಬಿಡು ಎಂದು ಹೇಳಿಕೊಟ್ಟವಳು ನಾನೇ. ನೀನು ಅದನ್ನು ಅಕ್ಷರಶಃ ಪಾಲಿಸಿದೆ. ಹೇಳಿಕೊಟ್ಟವಳಿಗೇ ಗುರುತು ಸಿಗಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ನಿನ್ನಲ್ಲಿ ಕ್ಷಮೆ ಕೇಳಲಾರೆ. ಮೇ 28ರಂದು ಆ ಪ್ರಬಂಧವನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಈಗಿನ ಮಕ್ಕಳು ಫೋನಿನಿಂದ ಕಣ್ಣೀರನ್ನೂ ಇಳಿಸಿಕೊಳ್ಳುತ್ತಾರೆ ನೋಡಿ ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೇ ಹದಿನಾಲ್ಕರ ಬೆಳಿಗ್ಗೆಯೂ ನಾನು ಆ ಕಾಂಪೌಂಡಿನಲ್ಲಿ ನಡೆದಿರಬೇಕು. ಪತ್ರದಲ್ಲಿ ಒಂದು ಸಾಲು ಬರೆದಿದ್ದರೆ ಓಡಿ ಬರುತ್ತಿದ್ದೆನಲ್ಲ. ಯಾಕೆ ಮುಚ್ಚಿಟ್ಟೆ? ಅದಕ್ಕಿಂತ, ಮಾಡದ ತಪ್ಪನ್ನು ಯಾಕೆ ಒಪ್ಪಿಕೊಂಡೆ?

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಬೇಡ ಎಂದರೆ ಮಾತ್ರ ಬರುವುದಿಲ್ಲ. ಬ್ಯಾಚು, ಹಾಸ್ಟೆಲು ಎರಡೂ ನಿನಗಾಗಿ ಇವೆ.

ಸ್ವಾತಿ


ಮಾರಿಕಣಿವೆ
10 ಜುಲೈ 2025

ಮೇಡಂ ಅವರಿಗೆ ನಮಸ್ಕಾರ.

ಬರುವುದು ಬೇಡ ಎಂದು ಅವತ್ತು ಫೋನಿನಲ್ಲಿ ಮೆಸೇಜ್ ಮಾತ್ರ ಕಳಿಸಿದೆ. ಪತ್ರಕ್ಕೆ ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ನೀವು ಬಂದರೆ ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಬೇಕಾಗುತ್ತದೆ. ಅಪ್ಪ ನಿಮ್ಮನ್ನು ಬಹಳ ದೊಡ್ಡವರು ಎಂದುಕೊಂಡಿದ್ದಾನೆ. ಅವ್ವನೂ ಹಾಗೆಯೇ ಅಂದುಕೊಂಡು ಹೋದಳು. ಅದು ಹಾಗೇ ಇರಲಿ.

ನಿಮ್ಮ ಮೊದಲ ಪತ್ರವನ್ನು ಅವ್ವನಿಗೆ ಓದಿದಾಗ, ತಾಪತ್ರಯ ಹೇಳಬಾರದು ಅಂತ ಬರೆದಿದ್ದಾರೆ, ಏನು ಮಾಡಲಿ ಅಂದೆ. ಅವಳು ಹೇಳಿದ್ದು ಇದು. “ನನ್ನ ಕಾಯ್ಲೆ ಬರೀಲೇಬ್ಯಾಡ ಕಣವ್ವ. ಇಲ್ಲಿಗೆ ಬಂದೋರೆಲ್ಲ ಅಯ್ಯೋ ಪಾಪ ಅಂತಾರೆ. ಆ ಮೇಡಮ್ಮ ಒಬ್ರಾದ್ರೂ ನನ್ನ ಚೆನ್ನಾಗಿರೋಳು ಅಂದ್ಕಳ್ಲಿ. ಕುರಿ ಕಾಯಾಕೆ ಹೋಗ್ಯಾಳೆ ಅಂತ ಬರಿ.” ಅದಕ್ಕೇ ಊರಿನ ಹೆಸರು ಹಾಕಿ ಬರೆದೆ. ಬರೆದದ್ದನ್ನು ಓದಿಸಿಕೊಂಡು ಕೇಳಿ ನಗುತ್ತಿದ್ದಳು. ಟಗರು ಚಪಾತಿ ಕಿತ್ತದ್ದು ಹೋದ ವರ್ಷದ ಮಾತು. ಸೇರಿಸು ಎಂದು ಅವಳೇ ಹಟ ಹಿಡಿದಳು. ನಿಮ್ಮ ಉತ್ತರದಲ್ಲಿ ಅವಳು ಆರೋಗ್ಯವಾಗಿ ಓಡಾಡುತ್ತಿದ್ದಳು. ಅದು ಅವಳಿಗೆ ಬೇಕಿತ್ತು.

ಒಂದು ಬೆಳಿಗ್ಗೆ ನೀವು ಬಿಳಿ ಶೂ ಹಾಕಿಕೊಂಡು ನಡೆಯುವುದನ್ನು ಕಿಟಕಿಯಿಂದ ತೋರಿಸಿದೆ. ಕರೀಲಾ ಅಂದೆ. “ಬ್ಯಾಡ, ಕುರಿ ಕಾಯೋಳು ಇಲ್ಲಿಗೆ ಹೆಂಗೆ ಬಂದ್ಲು ಅಂತಾರೆ” ಅಂದಳು. ನೀವು ಗೇಟು ದಾಟುವವರೆಗೂ ನೋಡಿದಳು.

ಪ್ರಬಂಧವನ್ನು ಮನೆಗೆ ಬಂದ ಮೇಲೆ ಹನ್ನೊಂದು ಸಲ ಬರೆದೆ. ಜನ ಬಂದು ಹೋಗುತ್ತಿದ್ದರು, ನಾನು ಒಳಗೆ ಕೂತು ಬರೆಯುತ್ತಿದ್ದೆ. ಒಂದೊಂದು ಸಲ ಬರೆದಾಗಲೂ ಒಂದೊಂದು ತಪ್ಪು ಸಿಗುತ್ತಿತ್ತು. ಬರೆದಿಡದಿದ್ದರೆ ಆ ದಿನ ಮರೆತುಹೋಗುತ್ತದೆ ಎಂಬ ಹೆದರಿಕೆ ಇತ್ತು.

ನಿಮ್ಮ ಪತ್ರ ಬಂದ ಮೇಲೆ ಹಿರಿಯೂರಿಗೆ ಹೋಗಿ ಮರಣ ಪ್ರಮಾಣಪತ್ರದ ಜೆರಾಕ್ಸ್ ಮಾಡಿಸಿದೆ. ಕವರಿಗೆ ಹಾಕಿ ಅಂಟಿಸಿಯೂ ಆಗಿತ್ತು. ನನ್ನ ನಾಲ್ಕು ಪುಟ ನಿಜ ಎಂದು ತೋರಿಸಲು ಅವ್ವನನ್ನು ಸಾಕ್ಷಿಗೆ ಎಳೆದು ತಂದ ಹಾಗೆ ಅನಿಸಿತು. ಕವರು ಹರಿದೆ. ನಾನು ಬರೆದದ್ದಲ್ಲ ಎಂದು ಬರೆಯುವುದೇ ಸುಲಭವಾಯಿತು.

ನಾನು ಹಿರಿಯೂರಿನ ಕಾಲೇಜಿಗೆ ಸೇರಿದ್ದೇನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಾಯಂಕಾಲ ಬರುತ್ತೇನೆ. ದುರ್ಗಕ್ಕೆ ಬರುವುದಿಲ್ಲ. ಆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಲು ಆಗುವುದಿಲ್ಲ.

ಒಂದು ಬೇಡಿಕೆ ಇದೆ. ಆ ನಾಲ್ಕು ಪುಟ ವಾಪಸ್ ಕಳಿಸಿ. ಮೊದಲು ಬರೆದವನ್ನೆಲ್ಲ ಹರಿದು ಹಾಕಿದ್ದೆ, ನನ್ನ ಬಳಿ ಇನ್ನೊಂದು ಪ್ರತಿ ಇಲ್ಲ. ಅಪ್ಪ ತನ್ನ ಸಿಟ್ಟಿನ ಬಗ್ಗೆ ನಿಮಗೆ ಬರೆದಿದ್ದಾನಂತೆ, ಈಗ ಹೇಳಿದ. ಉಣ್ಣಿಸು ಎಂದದ್ದು ಅವ್ವನೇ ಎಂದು ಹೇಳಿದೆ. “ಇಷ್ಟು ದಿನ ಬಿಟ್ಟು ಈಗ ಹೇಳ್ತೀಯಾ?” ಅಂದು ಎದ್ದು ಹೋದ. ಅವನೂ ನಂಬಲಿಲ್ಲ.

ಮಮತಾ


ಚಿತ್ರದುರ್ಗ
16 ಜುಲೈ 2025

ಮಮತಾ,

ನಾಲ್ಕೂ ಪುಟಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಅಂಚಿನಲ್ಲಿ ನಾನು ಬರೆದಿದ್ದ ಮಾತುಗಳನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಕೊನೆಯ ಪುಟದ ದಪ್ಪ ಗೆರೆ ಹೋಗಲಿಲ್ಲ. ಇನ್ನೂ ಕೆರೆದರೆ ಅದರ ಮೇಲಿರುವ ನಿನ್ನ ಅಕ್ಷರಗಳೂ ಹೋಗುತ್ತವೆ ಎಂದು ಕೈಬಿಟ್ಟೆ.

ಓದಿ ನಕ್ಕಿದ್ದ ಅದೇ ಸ್ಟಾಫ್ ರೂಮಿನಲ್ಲಿ, ಅದೇ ಜನರ ಮುಂದೆ, ನಡೆದದ್ದನ್ನು ಹೇಳಿದೆ. ಅದರಿಂದ ನಿನಗೇನೂ ಆಗಬೇಕಾದ್ದಿಲ್ಲ ಎಂದು ಗೊತ್ತು. ನನಗೆ ಉತ್ತರ ಬರೆಯಬೇಕೆಂದೂ ಇಲ್ಲ.

ಸ್ವಾತಿ


ಮಾರಿಕಣಿವೆ
3 ಆಗಸ್ಟ್ 2025

ಮೇಡಂ ಅವರಿಗೆ ನಮಸ್ಕಾರ.

ಪುಟಗಳು ತಲುಪಿದವು ಎಂದು ತಿಳಿಸಲು ಬರೆಯುತ್ತಿದ್ದೇನೆ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ನೋಡಿದೆ. ಇನ್ನೂ ಆಗುತ್ತಿಲ್ಲ. ಆದಾಗ ಬರೆಯುತ್ತೇನೆ.

ಅಪ್ಪನನ್ನು ಕೂರಿಸಿಕೊಂಡು ನಾಲ್ಕೂ ಪುಟ ಕನ್ನಡದಲ್ಲಿ ಓದಿ ಹೇಳಿದೆ. ಬೆಳಿಗ್ಗೆ ಅವ್ವ ಜಡೆ ಹೆಣೆಸಿಕೊಂಡದ್ದು, ಎಂಟು ಗುಟುಕು ನೀರು, ಓಬಕ್ಕ ಪಕ್ಕದ ಹಾಸಿಗೆಯಿಂದ ಕೈ ಚಾಚಿ ಅವಳ ಕಾಲು ಮುಟ್ಟಿದ್ದು. ಅರ್ಧಕ್ಕೆ, ಸಾಕು ನಿಲ್ಸು ಅಂದ. ನಿಲ್ಲಿಸಿದೆ. ಸ್ವಲ್ಪ ಹೊತ್ತು ಹೊರಗೆ ನಿಂತು ಬಂದು, ಓದು ಅಂದ. ಉಣ್ಣಿಸು ಅಂದ ಮಾತು ಬಂದಾಗ ನನ್ನ ಮುಖವನ್ನೇ ನೋಡಿದ. ಮುಗಿದ ಮೇಲೆ ಹಾಳೆ ಈಸಿಕೊಂಡ.

“ಇಲ್ಲಿ ಯಾಕೆ ಕೆಂಪು ಗೆರೆ ಐತೆ?”

“ಮೇಡಂ ಎಳೆದಿದ್ದು.”

“ತಪ್ಪೈತಾ?”

“ಇಲ್ಲಪ್ಪ. ಮುಖ್ಯವಾದ ಮಾತಿನ ಕೆಳಗೂ ಗೆರೆ ಎಳೀತಾರೆ” ಅಂದೆ. ಅದು ನಿಮ್ಮನ್ನು ಉಳಿಸಲು ಹೇಳಿದ್ದಲ್ಲ. ಅವನಿಗೆ ಬೇರೆ ಏನನ್ನೂ ಹೇಳಲು ಮನಸ್ಸಾಗಲಿಲ್ಲ.

ಮಾರನೇ ದಿನ ಅಪ್ಪ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ನೀರಾವರಿ ಆಫೀಸಿಗೆ ಹೋಗಿ ಇಂಜಿನಿಯರ್ ಸಾರ್ ಕೈಯಲ್ಲಿ ಓದಿಸಿದನಂತೆ. ಗೆರೆ ಇರೋ ಸಾಲು ಮಾತ್ರ ಓದ್ರಿ ಸಾರ್, ಏನಂತ ಐತೆ ಅಂತ ಕೇಳಿದನಂತೆ. ನನ್ನ ಮಾತು ಸಾಲದೆ ಇನ್ನೊಬ್ಬರನ್ನು ಕೇಳಿದನಲ್ಲ ಎಂದು ನೋವಾಯಿತು. ಆದರೆ ಅವನು ಮುಚ್ಚಿಡಲಿಲ್ಲ, ತಾನೇ ಬಂದು ಹೇಳಿದ.

ಅವತ್ತು ಸಂಜೆ ಎಂದಿನಂತೆ ಅವನಿಗೆ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದೆ. “ನೀನೂ ಕುಂತ್ಕ” ಅಂದ. ಅವ್ವ ಹೋದಾಗಿನಿಂದ ನಾವು ಒಟ್ಟಿಗೆ ಉಂಡಿರಲಿಲ್ಲ. ಕೂತೆ. ಅವನು ಮುದ್ದೆ ಮುಟ್ಟಲಿಲ್ಲ.

“ಇನ್ನೇನಂದ್ಲು?” ಎಂದು ಕೇಳಿದ.

ಹಾಳೆಯಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ಹೇಳಿದೆ. ನೋವು ತಡೆಯಲಾರದೆ ಡಾಕ್ಟರನ್ನು ಬೈದದ್ದು, ನನ್ನನ್ನೂ ಬೈದದ್ದು, ಒಂದು ಲೋಟ ತಣ್ಣೀರಿಗಾಗಿ ನನ್ನ ಕಾಲು ಹಿಡಿಯಲು ಬಂದದ್ದು, ನಾನು ಕೊಡದೆ ಹೊರಗೆ ಹೋಗಿ ನಿಂತದ್ದು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಮೇಡಂ. ಅಪ್ಪ ಇನ್ನೂ ಎಂಜಲಾಗದ ಬಲಗೈಯನ್ನು ನನ್ನ ತಲೆಯ ಮೇಲಿಟ್ಟ. ಸಾರು ಆರಿಹೋಗಿತ್ತು. ಇಬ್ಬರೂ ಹಾಗೇ ಉಂಡೆವು.

ಮಮತಾ